ಹೆಮ್ಮಕ್ಕಳೇ ನೆಡೆಶುವ ಮಾಟುಂಗ ಸ್ಟೇಷನು

ಮುಂಬೈಗೆ ಹೋಪ ನಮ್ಮೋರಿಂಗೆ ಒಂದು ಮಾತು ಸುರುವಿಂಗೇ ಹೇಳ್ತೆ. ಮಾಟುಂಗ ಹೇಳಿರೆ ಒಂದು ಸ್ಟೇಷನು ಅಲ್ಲ, ಎರಡು. ಸೆಂಟ್ರಲ್ ಲೈನಿಲಿ ಇಪ್ಪದು ಮಾಟುಂಗ, ವೆಸ್ಟರ್ನ್ ಲೈನಿಲಿ ಇಪ್ಪದು ಮಾಟುಂಗ ರೋಡ್. ಎರಡರ ನೆಡುಕೆ ಜೆಡ್ ಬ್ರಿಜ್ಜು ಹೇಳಿ ಒಂದು ಡೊಂಕು ಸಂಕ ಇದ್ದು, ನೆಡದು ದಾಂಟುಲಕ್ಕು. ಆನು ಇಂದು ಬರವಲೆ ಹೆರಟದು ಸೆಂಟ್ರಲಿನ ಮಾಟುಂಗದ ಸಂಗತಿ. ಅಲ್ಲಿ ಸ್ಟೇಷನ್ ಮ್ಯಾನೇಜರಿಂದ ಹಿಡುದು ಟಿಕೇಟು ಕೊಡುವೋರ ವರೆಗೆ ಹೆಮ್ಮಕ್ಕಳದ್ದೇ ಕಾರ್ಬಾರು.

ಇದರ ಹೇಳುವಗ ಅತ್ತಿಗೆ ಫೋನಿಲಿ ಕೇಳಿತ್ತು, "ಅದು ಬರೀ ಪೇಪರಿಲಿ ಫೋಟೋ ಹಾಕುಲೆ ಮಾಡಿದ್ದಾಗಿಕ್ಕು, ಅಲ್ಲದೋ?" ಹೇಳಿ. ಒಂದೇ ಮಾತಿಲಿ ಉತ್ತರ ಕೊಡ್ಲೆ ಎಡಿಯ. ಕತೆ ರಜ ಹಿಂದಂದ ಹೇಳೆಕ್ಕು.

ನಮ್ಮ ದೇಶದ ಸುರುವಾಣ ಪ್ರಯಾಣಿಕರ ರೈಲು 1853 ಎಪ್ರಿಲ್ 16ಕ್ಕೆ ಬೋರಿಬಂದರಂದ ಠಾಣೆಗೆ ಹೋದ್ದು, 34 ಕಿಲೋಮೀಟರ್. ಆ ದಾರಿಯೇ ಈಗಾಣ ಸೆಂಟ್ರಲ್ ಲೈನು. ಅಂಬಗ ಮಾಟುಂಗ ಹೇಳಿರೆ ಪೇಟೆಂದ ಹೆರ. ಅದರ ಪೇಟೆ ಮಾಡಿದ್ದು ಪ್ಲೇಗು! 1896ಲಿ ಬೊಂಬಾಯಿಗೆ ಆ ಮಾರಿ ಬಂತು. ಗಾಳಿ ಬೆಣಚ್ಚು ಇಲ್ಲದ್ದ ಚಾಳುಗಳಲ್ಲಿ ಜನ ರಾಶಿ ಸತ್ತವು. 1898ಲಿ ಸರಕಾರ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹೇಳಿ ಒಂದು ಮಾಡಿತ್ತು. ಆ ಟ್ರಸ್ಟು ಮತ್ತೆ ದಾದರ, ಮಾಟುಂಗ, ಸಯನ್ ಹೊಡೆಲಿ ಅಗಲ ಮಾರ್ಗ ಹಾಕಿ ಗಾಳಿ ಬಪ್ಪ ಹಾಂಗಿಪ್ಪ ಮನೆಗೊಕ್ಕೆ ಜಾಗೆ ಮಾಡಿಕೊಟ್ಟತ್ತು. ತೆಂಕಲಾಗಿಂದ ಹೋದ ಗುಮಾಸ್ತರು, ಟೈಪಿಸ್ಟುಗೊ ಅಲ್ಲಿ ಬಾಡಿಗೆಗೆ ಕೂದವು. 1915ಲಿ ರೈಲಿನೋರ ದೊಡ್ಡ ವರ್ಕ್‌ಶಾಪು ಬಂತು, 1926ಲಿ ಮೈಸೂರು ಅಸೋಸಿಯೇಷನ್ ಸುರುವಾತು. 1942ಲಿ ಸ್ಟೇಷನಿನ ಹತ್ತರೆಯೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು. ಬಾಳೆಲೆ ಊಟ ಈಗಳೂ ಅಲ್ಲಿ ಸಿಕ್ಕುತ್ತು.

ಮನೆ ಮಾಟುಂಗಲ್ಲಿ, ಆಫೀಸು ಕೋಟೆಯ ಹೊಡೆಲಿ. ಈ ಎರಡರ ಕಟ್ಟಿ ಹಾಕಿದ್ದೇ ಲೋಕಲ್ ಗಾಡಿ. 1925 ಫೆಬ್ರವರಿ 3ಕ್ಕೆ ವಿ.ಟಿ.ಂದ ಕುರ್ಲಾಕ್ಕೆ ಹಾರ್ಬರ್ ಲೈನಿಲಿ ಸುರುವಾಣ ಕರೆಂಟು ಗಾಡಿ ಓಡಿತ್ತು. ಮತ್ತೆ ಹೊಗೆಗಾಡಿಯ ಕಾಲ ಮೆಲ್ಲಂಗೆ ಮುಗುತ್ತು.

ಹೆಮ್ಮಕ್ಕಳ ಕತೆ ಬೇರೆಯೇ. ಎಂಗಳ ದೊಡ್ಡತ್ತೆ ಮದುವೆ ಆಗಿ ಮಾಟುಂಗಕ್ಕೆ ಹೋಗಿ, ಅಲ್ಲಿಂದ ದಿನಾ ಲೋಕಲಿಲಿ ಒಂದು ಆಫೀಸಿಂಗೆ ಹೋಗಿಂಡಿತ್ತು. ಅದು ಹೇಳ್ತಿತ್ತು, "ಎನ್ನ ಕೆಲಸ ಒಳುದ್ದು ಯಜಮಾನಂದ ಅಲ್ಲ, ಲೇಡೀಸ್ ಡಬ್ಬಾಂದ" ಹೇಳಿ. ಆ ಡಬ್ಬ ಇಲ್ಲದ್ದರೆ ಮಾವ ಆ ನೂಕಾಟಕ್ಕೆ ಅದರ ಕಳುಸುತ್ತಿತ್ತಿದ್ದವಿಲ್ಲೆ. ಒಂದು ಗಾಡಿ ತಪ್ಪಿರೆ ಮನೆಲಿ ಅಶನ ತಡ, ಅಶನ ತಡ ಆದರೆ ಮಾತು. ಹಾಂಗಾಗಿ ಬೀನ್ಸು ಕೊರವದು, ಬೆಳ್ಳುಳ್ಳಿ ಸೊಲಿವದು ಎಲ್ಲ ಗಾಡಿಲೇ. ಪೇಪರಿನೋರು ಇದರ ಭಾರೀ ಚೆಂದ ಹೇಳಿ ಬರೆತ್ತವು. ಎನಗೆ ಚೆಂದ ಕಾಣ್ತಿಲ್ಲೆ. ಎರಡು ಕೆಲಸ ಮಾಡುವ ಜೀವಕ್ಕೆ ಅರ್ಧ ಗಂಟೆ ಸುಮ್ಮನೆ ಕೂಪಲೂ ಪುರುಸೊತ್ತು ಇಲ್ಲೆ ಹೇಳಿ ಅದರ ಅರ್ಥ. 1992 ಮೇ 5ಕ್ಕೆ ಚರ್ಚ್‌ಗೇಟಿಂದ ಬೋರಿವಲಿಗೆ ಇಡೀ ಗಾಡಿಯೇ ಹೆಮ್ಮಕ್ಕೊಗೆ ಹೇಳಿ ಲೇಡೀಸ್ ಸ್ಪೆಷಲ್ ಬಿಟ್ಟವು. ದೊಡ್ಡತ್ತೆಗೆ ಅದರ ಪ್ರಯೋಜನ ಆಯಿದಿಲ್ಲೆ, ಅದು ಆಚ ಲೈನು.

ಅಷ್ಟಪ್ಪಗಳೂ ಹೆಮ್ಮಕ್ಕೊ ಗಾಡಿ ಹತ್ತುವೋರು ಮಾತ್ರ. ಸ್ಟೇಷನು ನೆಡೆಶುದು ಹೆಚ್ಚಾಗಿ ಗೆಂಡುಮಕ್ಕೊ. 2017 ಜುಲೈಲಿ ಸೆಂಟ್ರಲ್ ರೈಲ್ವೆ ಮಾಟುಂಗವ ಪೂರ್ತಿ ಹೆಮ್ಮಕ್ಕಳ ಕೈಗೆ ಕೊಟ್ಟತ್ತು. ದೇಶಲ್ಲೇ ಸುರುವಾಣದ್ದು. ಮ್ಯಾನೇಜರು ಮಮತಾ ಕುಲಕರ್ಣಿ. ಟಿಕೇಟು ಕೌಂಟರು, ಟಿಕೇಟು ತಪಾಸಣೆ, ರೈಲ್ವೆ ಪೋಲೀಸು, ಮೈಕಿಲಿ ಹೇಳುದು, ಎಲ್ಲ ಸೇರಿ 41 ಜನ. 2018ರ ಲಿಮ್ಕಾ ದಾಖಲೆಲಿ ಹೆಸರು ಬಂತು, ಅದೇ ವರ್ಷ ಜೈಪುರದ ಗಾಂಧಿನಗರ ಸ್ಟೇಷನುದೆ ಹೀಂಗೇ ಆತು.

ದಾಖಲೆ ಇರಳಿ. ಎನಗೆ ದೊಡ್ಡದಾಗಿ ಕಾಂಬದು ಇರುಳಾಣ ಪಾಳಿ. ಲೋಕಲ್ ನೆಡು ಇರುಳಿನ ವರೆಗೆ ಓಡ್ತು, ಉದಿಯಪ್ಪಗ ಬೆಣಚ್ಚು ಹರಿವ ಮದಲೇ ಪುನಃ ಸುರು. "ಹೆಮ್ಮಕ್ಕೊ ಇರುಳು ಡ್ಯೂಟಿ ಮಾಡ್ಲೆ ಎಡಿಯ" ಹೇಳುವ ಮಾತು ನಮ್ಮ ಮನೆಗಳಲ್ಲಿ ಎಷ್ಟು ಕೂಸುಗಳ ಕೆಲಸ ಬಿಡುಸಿದ್ದೋ! ಇಲ್ಲಿ ಇರುಳುದೆ ಅವ್ವೇ. ತಡವಾಗಿ ಒಬ್ಬನೇ ಇಳಿವ ಕೂಸಿಂಗೆ ಎದುರು ಒಂದು ಹೆಮ್ಮಕ್ಕಳ ಮೋರೆ ಕಂಡರೆ ಅದು ಫೋಟೋದ ಸಂಗತಿ ಅಲ್ಲ.

ಆದರೆ ಅತ್ತಿಗೆಯ ಸಂಶಯ ಪೂರ್ತಿ ಲೊಟ್ಟೆಯೂ ಅಲ್ಲ. ಅದೇ 2017ರ ಸೆಪ್ಟೆಂಬರ್ 29ಕ್ಕೆ, ಮಾಟುಂಗಂದ ದೂರ ಅಲ್ಲದ್ದ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನಿನ ಸಂಕಲ್ಲಿ ಮಳೆಗೆ ಜನ ಒತ್ತಿ ಕಾಲ್ತುಳಿತ ಆಗಿ 23 ಜನ ಹೋದವು. ಆಫೀಸಿಂಗೆ ಹೆರಟ ಹೆಮ್ಮಕ್ಕಳೂ ಅದರಲ್ಲಿತ್ತಿದ್ದವು. ಸಂಕ ಸಪೂರ ಇದ್ದರೆ ಕೌಂಟರಿಲಿ ಆರು ಕೂದರೆಂತ?

ಇನ್ನು ಹೋಪೋರಿಂಗೆ. ಮಂಗಳೂರಿಂದ ಮತ್ಸ್ಯಗಂಧಲ್ಲಿ ಹೋದರೆ ಕುರ್ಲಾ ಟರ್ಮಿನಸಿಲಿ ಇಳಿವಲೆ. ಅಲ್ಲಿಂದ ಕುರ್ಲಾ ಲೋಕಲ್ ಸ್ಟೇಷನಿಂಗೆ ಬಂದು ಸಿ.ಎಸ್.ಎಂ.ಟಿ. ಹೊಡೆಂಗೆ ಹೋಪ ಸ್ಲೋ ಗಾಡಿ ಹತ್ತೆಕ್ಕು. ಸಯನ್ ಆಗಿ ಮಾಟುಂಗ. ಫಾಸ್ಟ್ ಗಾಡಿ ಹತ್ತಿಕ್ಕೆಡಿ, ಅದು ಇಲ್ಲಿ ನಿಲ್ಲುತ್ತಿಲ್ಲೆ. ಲೇಡೀಸ್ ಡಬ್ಬದ ಮೈಲಿ ಹೆಮ್ಮಕ್ಕಳ ಚಿತ್ರ ಇರ್ತು, ನೋಡಿ ನಿಂದುಗೊಳ್ಳಿ. ಆಯಿತ್ಯವಾರ ಆದರೆ ಮದಲೇ ವಿಚಾರ್ಸಿ, ಮಾಟುಂಗ-ಮುಲುಂಡ್ ನೆಡುಕೆ ಮೆಗಾಬ್ಲಾಕ್ ಹೇಳಿ ರಿಪೇರಿಗೆ ಸುಮಾರು ಸರ್ತಿ ಹಳಿ ಬಂದ್ ಮಾಡ್ತವು. ಹೆರ ಬಂದಪ್ಪದ್ದೇ ಹೂಗಿನ ಅಂಗಡಿಗೊ ಇದ್ದು. ಮಲ್ಲಿಗೆ, ಬಾಳೆಲೆ ಅಲ್ಲೇ ತೆಕ್ಕೊಂಬಲಕ್ಕು.