ಪರದೇಶದ ಕಲ್ಲಿನ ಮೇಲೆ ತಾಯ್ನುಡಿ

ಮೊದಲ ಮಹಾಯುದ್ಧವೆಂದೊಡನೆ ನಾವು ಕಂದಕಗಳನ್ನು ನೆನೆಯುತ್ತೇವೆ, ಆಕಾಶವನ್ನು ಮರೆಯುತ್ತೇವೆ. ಬ್ರಿಟಿಷ್ ವಾಯುದಳದಲ್ಲಿ ಹಾರಾಡಿದವರಲ್ಲಿ ನಾಲ್ವರು ಭಾರತೀಯ ತರುಣರೂ ಇದ್ದರು: ಹರ್ದಿತ್ ಸಿಂಗ್ ಮಲಿಕ್, ಶ್ರೀಕೃಷ್ಣ ವೆಲಿಂಕರ್, ಎರಲ್ ಚಂದರ್ ಸೇನ್ ಮತ್ತು ಇಂದ್ರಲಾಲ್ ರಾಯ್.

ರಾಯ್ 1898ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದವರು. ಲಂಡನ್ನಿನಲ್ಲಿ ಓದಿ 1917ರಲ್ಲಿ ವಾಯುದಳ ಸೇರಿದರು. ಅದೇ ಡಿಸೆಂಬರಿನಲ್ಲಿ ವಿಮಾನ ನೆಲಕ್ಕಪ್ಪಳಿಸಿ ಗಾಯಗೊಂಡಾಗ ವೈದ್ಯರು ಅವರನ್ನು ಹಾರಾಟಕ್ಕೆ ಅನರ್ಹರೆಂದರು. ಪಟ್ಟುಬಿಡದೆ ಅವರು ಮತ್ತೆ ಅನುಮತಿ ಪಡೆದರು. 1918ರ ಜುಲೈಯಲ್ಲಿ ಎರಡು ವಾರಗಳೊಳಗೆ 10 ವಿಜಯಗಳು ಅವರ ಹೆಸರಿಗೆ ಸೇರಿದವು. ಜುಲೈ 22ರಂದು ಜರ್ಮನರ ಫಾಕರ್ ವಿಮಾನಗಳೊಡನೆ ಕಾದುತ್ತ ಮಡಿದಾಗ ಅವರಿಗೆ 19 ವರ್ಷ.

ಅವರ ಎಸ್.ಇ.5ಎ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಒಂಟಿ ಆಸನದ ವಿಮಾನ. ಬಲೂನುಗಳಲ್ಲಿ ಕುಳಿತ ವೀಕ್ಷಕರಿಗೆ ಪ್ಯಾರಾಚೂಟ್ ಇತ್ತು. ಬ್ರಿಟಿಷ್ ವಿಮಾನಚಾಲಕರಿಗೆ ಅದನ್ನು ಕೊಟ್ಟಿರಲಿಲ್ಲ. ಬೆಂಕಿ ಹತ್ತಿದರೆ ಪಾರಾಗುವ ದಾರಿಯೇ ಇರಲಿಲ್ಲ.

ವೆಲಿಂಕರರೂ 1918ರಲ್ಲಿ ಅಸುನೀಗಿದರು. ಸೇನ್ ಸೆರೆಯಾದರು. ಗುಂಡೇಟು ತಿಂದು ಬದುಕುಳಿದ ಮಲಿಕ್, ಮುಂದೆ ಸ್ವತಂತ್ರ ಭಾರತದ ರಾಯಭಾರಿಯಾಗಿ ಅದೇ ಫ್ರಾನ್ಸಿಗೆ ಹೋದರು.

ಇವರು ಕಾದಿದ್ದು ತಮ್ಮ ನಾಡನ್ನು ಆಳುತ್ತಿದ್ದವರ ಪರವಾಗಿ ಎಂಬುದನ್ನು ನಾವು ಮುಚ್ಚಿಡಬೇಕಿಲ್ಲ. ಅದರಿಂದ ಅವರ ಧೈರ್ಯ ಕಿರಿದಾಗುವುದೂ ಇಲ್ಲ. ಉತ್ತರ ಫ್ರಾನ್ಸಿನ ಎಸ್ತೆವೆಲ್ ಎಂಬ ಊರಿನಲ್ಲಿರುವ ರಾಯ್ ಅವರ ಸಮಾಧಿಯ ಮೇಲೆ ಬಂಗಾಳಿಯಲ್ಲಿಯೂ ಬರಹವಿದೆ. ಸುತ್ತಲಿನವರು ಓದಲಾರದ ಲಿಪಿಯಲ್ಲಿ ಮಗನ ಗುರುತನ್ನು ಉಳಿಸಿದ ಆ ಕಲ್ಲಿನ ಬೆಲೆಯನ್ನು, ಗಡಿಯಾಚೆ ಕನ್ನಡದ ಅಕ್ಷರಗಳನ್ನು ಕಾಯ್ದುಕೊಂಡು ಬಂದ ನಮಗೆ ಯಾರೂ ವಿವರಿಸಬೇಕಾಗಿಲ್ಲ.