ದಂಡದ ಹಣ ಎಲ್ಲಿಗೆ ಹೋಗುತ್ತದೆ?

ಕೆಲ ದಿನಗಳ ಹಿಂದೆ ಬೆಂಗಳೂರಿನಿಂದ ಬಂದಿದ್ದ ನೆಂಟರೊಬ್ಬರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಾವು ಮೌಂಟ್ ರೋಡಿಗೆ ಹೊರಟಿದ್ದೆವು. ಅವರ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಸಿಗ್ನಲ್ ಬಳಿ ಪೊಲೀಸರು ತಡೆದರು. 1,000 ರೂಪಾಯಿ ದಂಡ ಬಿತ್ತು. "ನಮ್ಮ ಊರಿನಲ್ಲಾದರೆ 500ಕ್ಕೆ ಮುಗಿಯುತ್ತಿತ್ತು. ಈ ಹಣವೆಲ್ಲ ಯಾರ ಜೇಬಿಗೆ ಹೋಗುತ್ತದೆ?" ಎಂದು ನೆಂಟರು ಗೊಣಗಿದರು. ತಪ್ಪು ನಮ್ಮದೇ, ಅದರಲ್ಲಿ ಸಂದೇಹವಿಲ್ಲ. ಆದರೂ ಪ್ರಶ್ನೆ ಕೇಳತಕ್ಕದ್ದೇ. ಸರಕಾರಿ ಕಡತಗಳ ನಡುವೆಯೇ ತಲೆ ನರೆಸಿಕೊಂಡ ನಮಗೆ ಈ ಹಣದ ಚರಿತ್ರೆಯನ್ನು ವಾಚಕ ಬಂಧುಗಳ ಮುಂದಿಡೋಣವೆನಿಸಿತು.

ವಾಹನ ಓಡಿಸುವವನಿಂದ ಪಡೆದ ಹಣವನ್ನು ರಸ್ತೆಗೇ ಹಿಂದಿರುಗಿಸಬೇಕೆಂಬ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 2 ಆಣೆ ಹೆಚ್ಚು ಸುಂಕ ಹಾಕಿ ಕೇಂದ್ರ ರಸ್ತೆ ನಿಧಿಯನ್ನು ಕಟ್ಟಿದರು. ಆದರೆ ಆ ಹಣ ರಸ್ತೆ ಮಾಡುವುದಕ್ಕೆ. ಆ ರಸ್ತೆಯಲ್ಲಿ ಹೋಗುವವನ ಪ್ರಾಣ ಕಾಯುವುದಕ್ಕೆ ಪ್ರತ್ಯೇಕ ಹಣವಿರಬೇಕೆಂಬ ಮಾತು ಬಹಳ ತಡವಾಗಿ ಬಂತು.

ಅಮೆರಿಕದಲ್ಲಿ 1966ರಲ್ಲೇ ಹೆದ್ದಾರಿ ಸುರಕ್ಷತಾ ಕಾಯಿದೆ ಬಂದಿತ್ತು. ಅದರಂತೆ ಕೇಂದ್ರ ಸರಕಾರ ರಾಜ್ಯಗಳಿಗೆ ಅನುದಾನ ಕೊಡುತ್ತದೆ. ಅದರಲ್ಲಿ ನೂರಕ್ಕೆ 40 ಭಾಗವಾದರೂ ಊರು, ಜಿಲ್ಲೆಗಳ ಮಟ್ಟದಲ್ಲಿ ಖರ್ಚಾಗಬೇಕು. ಊರಿನ ಪೊಲೀಸರು ಕುಡಿದು ಓಡಿಸುವವರನ್ನೂ ಅತಿವೇಗದವರನ್ನೂ ಹಿಡಿಯಲು ಹೆಚ್ಚಿನ ಗಸ್ತು ನಡೆಸುವುದು ಇಂಥ ಹಣದಿಂದಲೇ.

ನಮ್ಮಲ್ಲಿ ದಾರಿ ಬೇರೆ. 1988ರ ಮೋಟಾರು ವಾಹನ ಕಾಯಿದೆಯ 200ನೆಯ ಪ್ರಕರಣದಂತೆ, ಸಣ್ಣ ತಪ್ಪುಗಳಿಗೆ ಕೋರ್ಟಿಗೆ ಅಲೆಯದೆ ಸ್ಥಳದಲ್ಲೇ ಹಣ ಕಟ್ಟಿ ಮುಗಿಸಿಕೊಳ್ಳಬಹುದು. ಆ ಹಣ ಪೊಲೀಸ್ ಠಾಣೆಯದಲ್ಲ. ಸಂವಿಧಾನದ 266ನೆಯ ವಿಧಿಯಂತೆ ಅದು ರಾಜ್ಯದ ಸಂಚಿತ ನಿಧಿಗೆ, ಅಂದರೆ ಬೊಕ್ಕಸಕ್ಕೆ, ಸೇರಬೇಕು. ಶಾಸನಸಭೆಯ ಒಪ್ಪಿಗೆಯಿಲ್ಲದೆ ಅಲ್ಲಿಂದ ಒಂದು ಕಾಸೂ ಹೊರಬರುವಂತಿಲ್ಲ. ಹೀಗಾಗಿ ದಂಡ ಎಷ್ಟೇ ಬಂದರೂ, ವೇಗ ಅಳೆಯುವ ಯಂತ್ರ ಬೇಕಾದ ಪೊಲೀಸರು ಬೇರೆ ಇಲಾಖೆಗಳ ಜತೆ ಸಾಲಿನಲ್ಲಿ ನಿಲ್ಲಬೇಕಿತ್ತು.

ತಮಿಳುನಾಡು ಸರಕಾರ ಈ ತೊಡಕನ್ನು ಬಿಡಿಸಲು 2000ದಲ್ಲಿ ರಸ್ತೆ ಸುರಕ್ಷತಾ ನಿಧಿಯನ್ನು ಸ್ಥಾಪಿಸಿತು. ಪೊಲೀಸ್ ಮತ್ತು ಸಾರಿಗೆ ಇಲಾಖೆಗಳು ಹಿಂದಿನ ವರ್ಷ ಸಂಗ್ರಹಿಸಿದ ದಂಡದ ಅರ್ಧದಷ್ಟನ್ನು ಈ ನಿಧಿಗೆ ಮೀಸಲಿಟ್ಟರು. ಕೇರಳ 2007ರ ಕಾಯಿದೆಯಿಂದ ಇದಕ್ಕಾಗಿಯೇ ಒಂದು ಪ್ರಾಧಿಕಾರವನ್ನು ಮಾಡಿಕೊಂಡಿತು. ನಮ್ಮ ಕರ್ನಾಟಕದ ಕಾಯಿದೆ ಬಂದದ್ದು 2017ರಲ್ಲಿ.

ಇಡೀ ದೇಶಕ್ಕೆ ಈ ಮಾತನ್ನು ಮುಟ್ಟಿಸಿದವರಲ್ಲಿ ಒಬ್ಬರು ಕೊಯಮತ್ತೂರಿನ ಮೂಳೆ ಶಸ್ತ್ರವೈದ್ಯ ಡಾ. ಎಸ್. ರಾಜಶೇಖರನ್. ಅವರು 2012ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಕೋರ್ಟು 2014ರಲ್ಲಿ ನ್ಯಾಯಮೂರ್ತಿ ಕೆ. ಎಸ್. ರಾಧಾಕೃಷ್ಣನ್ ಅವರ ಸಮಿತಿಯನ್ನು ನೇಮಿಸಿತು. ದಂಡದ ಒಂದು ಪಾಲಿನಿಂದ ರಾಜ್ಯಗಳು ಸುರಕ್ಷತಾ ನಿಧಿ ಕಟ್ಟಬೇಕು, ಅದು ವರ್ಷದ ಕೊನೆಗೆ ರದ್ದಾಗಬಾರದು ಎಂದು ಸಮಿತಿ ಪಟ್ಟು ಹಿಡಿಯಿತು. ಮಾರ್ಚ್ 31ರ ರಾತ್ರಿ ಉಳಿದ ಹಣ ಕೈಬಿಟ್ಟುಹೋಗುವ ಸಂಕಟವನ್ನು ಬಲ್ಲ ನಮ್ಮಂಥ ಗುಮಾಸ್ತರಿಗೆ ಆ ಮಾತಿನ ಬೆಲೆ ಚೆನ್ನಾಗಿ ಗೊತ್ತು. 2017ರ ನವೆಂಬರಿನ ತೀರ್ಪಿನಲ್ಲಿ ಕೋರ್ಟು ಈ ನಿಧಿಯ ಬಗ್ಗೆ ರಾಜ್ಯಗಳಿಗೆ ನಿರ್ದೇಶನವನ್ನೇ ಕೊಟ್ಟಿತು.

ಹಾಗಾದರೆ ಎಲ್ಲ ಸರಿಹೋಯಿತೇ? 2016ರಲ್ಲಿ ತಮಿಳುನಾಡಿನ ರಸ್ತೆಗಳಲ್ಲಿ ಸತ್ತವರು 17,218 ಮಂದಿ. 2022ರಲ್ಲಿ 17,884, ಅಂದರೆ ದಿನವೊಂದಕ್ಕೆ 49 ಜನ. ಅದೇ ವರ್ಷ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಂದೆ ಕುಳಿತವರು. ಈ ಸಂಖ್ಯೆಯನ್ನು ಓದಿದ ಮೇಲೆ ನಮ್ಮ ನೆಂಟರ ಗೊಣಗಾಟ ನೆನಪಾಗಿ ಮೈ ಜುಮ್ಮೆಂದಿತು.

ನಿಧಿ ಬೇಕು, ನಿಜ. ಆದರೆ ಅದರಲ್ಲೊಂದು ಅಪಾಯವೂ ಇದೆ. ದಂಡ ಹೆಚ್ಚಿದಷ್ಟೂ ನಿಧಿ ಬೆಳೆಯುವುದಾದರೆ, ವಸೂಲಿಯೇ ಸಾಧನೆಯಾಗಿ ಕಾಣತೊಡಗಬಹುದು. ವರ್ಷದ ಕೊನೆಗೆ ಇಷ್ಟು ಕೋಟಿ ಬಂತೆಂದು ಹೇಳುವುದು ಸುಲಭ. ಎಷ್ಟು ತಿರುವುಗಳಲ್ಲಿ ಸಾವು ನಿಂತಿತೆಂದು ಹೇಳುವುದು ಕಷ್ಟ. ಎಲ್ಲರೂ ನಿಯಮ ಪಾಲಿಸಿ ನಿಧಿಯೇ ಬರಿದಾದರೆ ಅದೇ ಅದರ ನಿಜವಾದ ಗೆಲುವು. ಹಾಗೆ ಬರಿದಾದ ದಿನವೂ ಪೊಲೀಸರ ಕೆಲಸ ನಿಲ್ಲದಂತೆ ಬೊಕ್ಕಸದಿಂದ ನೇರ ಅನುದಾನವೂ ಇರಬೇಕು.

ಇದನ್ನೆಲ್ಲ ಕೇಳುವ ಹಕ್ಕು ನಮಗುಂಟು. ಬೇರೆ ಭಾಷೆಯ ಊರಿನಲ್ಲಿದ್ದೇವೆಂದು ಸುಮ್ಮನಿರಬೇಕಾಗಿಲ್ಲ. ದಂಡ ಕಟ್ಟುವಾಗ ಯಾರೂ ನಮ್ಮ ಮಾತೃಭಾಷೆ ಕೇಳುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕ ಕಟ್ಟಿದರೆ, ನಮ್ಮ 1,000 ರೂಪಾಯಿ ಸೇರಿದ ನಿಧಿಯ ಲೆಕ್ಕವನ್ನು ಕೇಳಬಹುದು. ನಾವು ಅರ್ಜಿ ಬರೆದಿಟ್ಟಿದ್ದೇವೆ. ಅದಕ್ಕೂ ಮೊದಲು, ನೆಂಟರು ಊರಿಗೆ ಹೊರಡುವ ಮುನ್ನವೇ, ಎರಡನೆಯ ಹೆಲ್ಮೆಟ್ ಕೊಂಡು ತಂದೆವು.