ಊರ್ ನಗರದ ಇಪ್ಪತ್ತು ಮನೆಗಳು

ಪ್ರಾಚೀನ ಇತಿಹಾಸವನ್ನು ಮಕ್ಕಳಿಗೆ ಕೈಕೆಲಸದ ಮೂಲಕ ಕಲಿಸುವ ಪೆಟ್ಟಿಗೆಗಳನ್ನು ನೀವು ಆಟಿಕೆಯ ಅಂಗಡಿಗಳಲ್ಲಿ ಕಂಡಿರಬಹುದು. ಪಿರಮಿಡ್ಡನ್ನು ಜೋಡಿಸುವುದು, ಜೇಡಿಮಣ್ಣಿನ ಮೇಲೆ ಹಳೆಯ ಲಿಪಿಯನ್ನು ಒತ್ತುವುದು, ಪ್ಲಾಸ್ಟರ್ ಗಟ್ಟಿಯನ್ನು ಕೆರೆದು ಒಳಗಿನ ವಸ್ತುವನ್ನು ಹೊರತೆಗೆಯುವುದು ಮೊದಲಾದ ಚಟುವಟಿಕೆಗಳು ಅವುಗಳಲ್ಲಿರುತ್ತವೆ. ಅರಸರ ಹೆಸರುಗಳನ್ನೂ ಯುದ್ಧಗಳ ಇಸವಿಗಳನ್ನೂ ಬಾಯಿಪಾಠ ಮಾಡಿ ಬೇಸತ್ತ ಮಗು ಇವನ್ನು ಕಂಡು ಹಿಗ್ಗುವುದು ಸಹಜ. ಆದರೆ ಇಂತಹ ಪೆಟ್ಟಿಗೆ ಮಗುವಿಗೆ ನಿಜವಾಗಿ ಏನನ್ನು ಕಲಿಸುತ್ತದೆ? ಒಂದು ಪ್ರಾಚೀನ ಆಟವನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರ ಮಾಡೋಣ.

ಅಬ್ರಹಾಮನ ಕಥೆಯನ್ನು ಓದಿದವರಿಗೆ ಊರ್ ಎಂಬ ಪಟ್ಟಣದ ಹೆಸರು ಹೊಸದಲ್ಲ. ಅದು ನಮ್ಮ ಕನ್ನಡದ 'ಊರು' ಶಬ್ದದಂತೆ ಕೇಳಿಸಿದರೂ ಇಂದಿನ ದಕ್ಷಿಣ ಇರಾಕಿನಲ್ಲಿದ್ದ ಸುಮೇರಿಯನ್ ನಗರವೊಂದರ ಹೆಸರು. 1922ರಿಂದ 1934ರವರೆಗೆ ಲಿಯೊನಾರ್ಡ್ ವೂಲಿ ಎಂಬ ಪುರಾತತ್ತ್ವಜ್ಞರು ಅಲ್ಲಿ ಉತ್ಖನನ ನಡೆಸಿದರು. ಅಲ್ಲಿನ ರಾಜಸಮಾಧಿಗಳಲ್ಲಿ ಬಂಗಾರದ ಒಡವೆಗಳೊಡನೆ ಕೆಲವು ಆಟದ ಹಲಗೆಗಳೂ ದೊರೆತವು. ಅವು ಸುಮಾರು ಕ್ರಿ.ಪೂ. 2600ರ ಕಾಲದವು. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಇಪ್ಪತ್ತು ಮನೆಗಳಿವೆ. ಐದು ಮನೆಗಳಲ್ಲಿ ಹೂವಿನ ಚಿತ್ರವಿದೆ. ಒಬ್ಬೊಬ್ಬರಿಗೆ ಏಳೇಳು ಕಾಯಿಗಳು. ದಾಳಗಳಿಗೆ ನಾಲ್ಕು ಮುಖಗಳು. ಚೌಕಾಬಾರ ಬಲ್ಲ ನಮ್ಮ ಮನೆಗಳವರಿಗೆ ಇದನ್ನು ವಿವರಿಸಲು ಹೆಚ್ಚು ಶ್ರಮ ಬೇಕಿಲ್ಲ.

ಈ ಆಟದ ಪ್ರತಿಕೃತಿಗಳು ಇಂದು ಮಾರಾಟಕ್ಕಿವೆ. ಜೊತೆಗೆ ನಿಯಮಗಳ ಕಿರುಹೊತ್ತಗೆಯೂ ಇರುತ್ತದೆ. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಊರ್ ನಗರದವರು ಹೀಗೆಯೇ ಆಡುತ್ತಿದ್ದರೆಂದು ಮಗು ನಂಬಿಬಿಡುತ್ತದೆ. ನಿಜ ಸಂಗತಿ ಇನ್ನೂ ಸ್ವಾರಸ್ಯಕರವಾಗಿದೆ. ಸಮಾಧಿಯಲ್ಲಿ ಹಲಗೆ ದೊರೆಯಿತೇ ಹೊರತು ನಿಯಮಗಳು ದೊರೆಯಲಿಲ್ಲ. ಕ್ರಿ.ಪೂ. 177ರ ಸುಮಾರಿಗೆ ಬಾಬಿಲೋನಿನ ಲಿಪಿಕಾರನೊಬ್ಬನು ಮಣ್ಣಿನ ಫಲಕದ ಮೇಲೆ ಇಂತಹ ಆಟವೊಂದರ ವಿವರವನ್ನು ಬರೆದಿಟ್ಟಿದ್ದನು. ಬ್ರಿಟಿಷ್ ಮ್ಯೂಸಿಯಂನ ವಿದ್ವಾಂಸರಾದ ಇರ್ವಿಂಗ್ ಫಿಂಕೆಲ್ ಆ ಬರಹವನ್ನು ಓದಿ ಅರ್ಥೈಸಿದರು. ಆದರೆ ಹಲಗೆಗೂ ಫಲಕಕ್ಕೂ ನಡುವೆ ಎರಡು ಸಾವಿರದ ನಾನೂರು ವರ್ಷಗಳ ಅಂತರವಿದೆ! ಫಲಕವು ಹೇಳುವುದು ಐದೈದು ಕಾಯಿಗಳನ್ನು. ಅದರ ದಾಳಗಳು ಕುರಿ ಮತ್ತು ಎತ್ತಿನ ಗೆಣ್ಣುಮೂಳೆಗಳು. ಕಾಯಿಗಳು ಸಾಗಬೇಕಾದ ದಾರಿಯ ಬಗೆಗೂ ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳಿವೆ. ಹೀಗಾಗಿ ಪೆಟ್ಟಿಗೆಯಲ್ಲಿರುವ ನಿಯಮಗಳು ಪುರಾವೆಯ ಆಧಾರದ ಮೇಲೆ ಈ ಕಾಲದವರು ಕಟ್ಟಿಕೊಂಡ ಊಹೆಗಳು.

ಇದನ್ನು ಮಗುವಿಗೆ ಹೇಳಿದರೆ ಆಟದ ಸೊಗಸು ಕೆಡುವುದೆಂದು ಅಂಜಬೇಡಿ. "ಹಾಗಾದರೆ ಇದು ಹೇಗೆ ತಿಳಿಯಿತು?" ಎಂದು ಅದು ಕೇಳಿದರೆ, ಇತಿಹಾಸದ ಅಭ್ಯಾಸ ಅಲ್ಲಿಂದಲೇ ಆರಂಭವಾಗುತ್ತದೆ. ಹಲಗೆಯ ಮೇಲಿನ ನೀಲಿ ಕಲ್ಲು ಲಾಜವರ್ದ. ಅದು ಊರ್ ನಗರದ ಸುತ್ತಮುತ್ತ ಸಿಗುವುದಿಲ್ಲ; ದೂರದ ಅಫ್ಘಾನಿಸ್ತಾನದ ಬೆಟ್ಟಗಳಿಂದ ಬರಬೇಕಿತ್ತು. ಭೂಪಟವೊಂದನ್ನು ತೆಗೆದು ಆ ದಾರಿಯ ಮೇಲೆ ದಾರವನ್ನಿಟ್ಟು ಅಳೆಯಲು ಹೇಳಿರಿ. ಒಂದು ಸಣ್ಣ ಕಲ್ಲು ಎಷ್ಟು ವರ್ತಕರ ಕೈ ದಾಟಿತೆಂಬುದನ್ನು ಮಗು ತಾನೇ ಕಲ್ಪಿಸಿಕೊಳ್ಳುತ್ತದೆ.

ಪ್ಲಾಸ್ಟರ್ ಕೆರೆಯುವ ಪೆಟ್ಟಿಗೆಗಳ ಬಗೆಗೂ ಒಂದು ಮಾತು. ಪುರಾತತ್ತ್ವವೆಂದರೆ ನಿಧಿಯನ್ನು ಅಗೆದು ತೆಗೆಯುವುದೆಂಬ ತಪ್ಪು ಭಾವನೆಯನ್ನು ಅವು ಮೂಡಿಸಬಲ್ಲವು. ಊರ್‌ನಲ್ಲಿ ತಂತಿವಾದ್ಯವೊಂದರ ಮರ ಪೂರ್ತಿ ಕೊಳೆತುಹೋಗಿ ಮಣ್ಣಿನಲ್ಲಿ ಬರಿಯ ಪೊಳ್ಳು ಉಳಿದಿತ್ತು. ವೂಲಿಯವರು ಆ ಪೊಳ್ಳಿನೊಳಗೆ ಪ್ಲಾಸ್ಟರ್ ಸುರಿದು ವಾದ್ಯದ ಆಕಾರವನ್ನು ಉಳಿಸಿಕೊಂಡರು. ಬಂಗಾರಕ್ಕಾಗಿ ಅವಸರದಿಂದ ಅಗೆದಿದ್ದರೆ ಆ ಆಕಾರ ಎಂದೆಂದಿಗೂ ಅಳಿದುಹೋಗುತ್ತಿತ್ತು. ವಸ್ತು ಎಲ್ಲಿತ್ತು, ಯಾವುದರ ಪಕ್ಕದಲ್ಲಿತ್ತು ಎಂಬುದೂ ವಸ್ತುವಿನಷ್ಟೇ ಬೆಲೆಯುಳ್ಳದ್ದು. ಆದ್ದರಿಂದ ಪ್ಲಾಸ್ಟರ್ ಕೆರೆಯುವ ಮಗುವಿನ ಕೈಗೆ ಒಂದು ಹಾಳೆ, ಪೆನ್ಸಿಲು ಕೊಟ್ಟು, ಸಿಕ್ಕ ಜಾಗವನ್ನು ಗುರುತು ಹಾಕಲು ಹೇಳಿರಿ.

ಈ ಆಟ ಅರಸರ ಸಮಾಧಿಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. ಕ್ರಿ.ಪೂ. 8ನೆಯ ಶತಮಾನದ ಅಸ್ಸೀರಿಯದ ಅರಸ ಎರಡನೆಯ ಸರ್ಗೋನನ ಅರಮನೆಯ ಬಾಗಿಲಲ್ಲಿ ರೆಕ್ಕೆಗಳುಳ್ಳ ಬೃಹತ್ ಶಿಲಾವೃಷಭಗಳಿದ್ದವು. ಅಂತಹ ಒಂದರ ಪೀಠದ ಮೇಲೆ ಯಾರೋ ಇಪ್ಪತ್ತು ಮನೆಗಳನ್ನು ಗೀಚಿದ್ದಾರೆ. ಬಹುಶಃ ಬೇಸರ ಕಳೆಯಲು ಕಾವಲುಗಾರರು ಗೀಚಿಕೊಂಡದ್ದಿರಬೇಕು. ಅರಸನ ವಿಜಯಗಳು ಶಾಸನಗಳಲ್ಲಿ ಉಳಿದವು. ಹೆಸರಿಲ್ಲದ ಆ ಜನರ ಬಿಡುವಿನ ವೇಳೆ ಈ ಗೀರುಗಳಲ್ಲಿ ಉಳಿಯಿತು. ನಮ್ಮ ಮಕ್ಕಳು ಅರಸನೊಡನೆ ಈ ಜನರನ್ನೂ ಅರಿಯಬೇಡವೇ?

ದುಬಾರಿ ಪೆಟ್ಟಿಗೆಯನ್ನು ಕೊಳ್ಳಲೇಬೇಕೆಂದಿಲ್ಲ. ರಟ್ಟಿನ ಮೇಲೆ ಮೊದಲು ಮೂರು ಸಾಲುಗಳಲ್ಲಿ ನಾಲ್ಕು ನಾಲ್ಕರಂತೆ ಹನ್ನೆರಡು ಮನೆಗಳನ್ನು ಬರೆಯಿರಿ. ನಡುಸಾಲನ್ನು ಮುಂದುವರಿಸಿ ಎರಡು ಮನೆಗಳ ಸೇತುವೆಯನ್ನೂ ಅದರಾಚೆ ಮೂರು ಸಾಲುಗಳಲ್ಲಿ ಎರಡೆರಡರಂತೆ ಆರು ಮನೆಗಳನ್ನೂ ಬರೆಯಿರಿ. ಕಾಯಿಗಳಿಗೆ ಹುಣಸೆಬೀಜ, ದಾಳಕ್ಕೆ ಕವಡೆ ಸಾಕು. ಮಕ್ಕಳೊಡನೆ ನೀವೂ ಕುಳಿತು ಆಡಿರಿ. ಆಡುತ್ತಾ, ಇದರಲ್ಲಿ ನೆಲದಿಂದ ದೊರೆತದ್ದು ಯಾವುದು, ಬರಹದಿಂದ ತಿಳಿದದ್ದು ಯಾವುದು, ನಾವು ಊಹಿಸಿದ್ದು ಯಾವುದು ಎಂದು ಕೇಳಿರಿ. ಗತಕಾಲದ ಹೆಸರಿನಲ್ಲಿ ಹೇಳಿದ್ದನ್ನೆಲ್ಲ ನಂಬುವವರೂ ಯಾವುದನ್ನೂ ನಂಬದವರೂ ಹೆಚ್ಚುತ್ತಿರುವ ಈ ದಿನಗಳಲ್ಲಿ, ಈ ಮೂರನ್ನೂ ಬೇರ್ಪಡಿಸಿ ನೋಡಬಲ್ಲ ಮಗು ಸತ್ಯಕ್ಕೆ ಗೌರವ ಕೊಡುವುದನ್ನು ಕಲಿತಿರುತ್ತದೆ.